ಬೆರಳು ಮಡಚಿ ತಿಂಗಳು ಎಣಿಸೋ ಅಕ್ಕಂದಿರಿಗೆ

ನಮ್ಮ ತಿಪ್ಪಸಂದ್ರದ ಸುತ್ತಮುತ್ತ ಒಂದು ಮನೇಲಿ ಕೂಸು ಹುಟ್ತು ಅಂದ್ರೆ ಎರಡು ಪ್ರಶ್ನೆ ಹುಟ್ತವೆ. ಗಂಡೋ ಹೆಣ್ಣೋ ಅನ್ನೋದು ಬಾಯಿಬಿಟ್ಟು ಕೇಳೋ ಪ್ರಶ್ನೆ. ಮದ್ವೆ ಆಗಿ ಎಷ್ಟು ತಿಂಗಳಾಯ್ತು ಅನ್ನೋದು ಸೆರಗಿನ ಮರೇಲಿ ಬೆರಳು ಮಡಚಿ ಕೇಳ್ಕೊಳ್ಳೋ ಪ್ರಶ್ನೆ. ಮೊದಲನೇದಕ್ಕೆ ಉತ್ತರ ಸಿಕ್ಕಿದ ಕೂಡ್ಲೇ ಮರ್ತು ಬುಡ್ತೀವಿ. ಎರಡನೇದು ಮಾತ್ರ ಆ ಕೂಸು ಎಸ್ಸೆಲ್ಸಿ ಪಾಸಾದ್ರೂ ಮರೆಯಲ್ಲ.

ಇವತ್ತು ಆ ಎರಡನೇ ಪ್ರಶ್ನೆ ಮ್ಯಾಲೆ ಬರೀತೀನಿ. ಬೇಜಾರಾಗೋರು ಆಗ್ಲಿ. ನಾನು ಹೇಳೋದು ಇಷ್ಟೇ: ಹುಡುಗಿ ಹುಡುಗ ಇಬ್ರೂ ವಯಸ್ಸಿಗೆ ಬಂದೋರು, ಇಬ್ರೂ ಒಪ್ಪವ್ರೆ, ಮದ್ವೆಗೆ ಮುಂಚೆ ಹುಡುಗಿ ಬಸುರಿ ಆಗವ್ಳೆ ಅಂದ್ರೆ, ಮುಚ್ಚಿಡೋದು ಬುಟ್ಟು ಬೇಗ ಮದ್ವೆ ಮಾಡಿ, ಚಿಕ್ಕದಾಗಿ ಮಾಡಿ, ಅವಳ ಮೈ ನೋಡ್ಕೊಂಡು ಮಾಡಿ. ಆಮೇಲೆ ಬಾಯಿ ಮುಚ್ಕೊಂಡು ಊಟ ಮಾಡ್ಕೊಂಡು ಬನ್ನಿ. ಇದ್ರಲ್ಲಿ ಮಾನ ಹೋಗೋದೇನೂ ಇಲ್ಲ. ಮಾನ ಅನ್ನೋ ಹೆಸರಲ್ಲಿ ನಾವು ಮಾಡೋ ಕೆಲಸದಲ್ಲಿ ಮಾತ್ರ ಪ್ರಾಣ ಹೋಗೋ ಅಷ್ಟು ಅಪಾಯ ಐತೆ.

ಸುಮ್ಕೆ ಬರೀತಿಲ್ಲ. ನಮ್ಮ ಬಳಗದಲ್ಲೇ ನಡೆದದ್ದು. ಹುಡುಗಿಗೆ ಇಪ್ಪತ್ನಾಲ್ಕು, ಪೀಣ್ಯದ ಕಡೆ ಕೆಲಸಕ್ಕೆ ಹೋಗೋಳು. ಹುಡುಗನಿಗೆ ಇಪ್ಪತ್ತೇಳು, ಅವನೂ ದುಡಿಯೋನು. ಯುಗಾದಿ ಆದ್ಮೇಲೆ ನಿಶ್ಚಿತಾರ್ಥ ಆಗಿತ್ತು. ಎರಡೂ ಕಡೆಯೋರು ತಾಂಬೂಲ ಬದಲಾಯಿಸ್ಕೊಂಡು, ಶ್ರಾವಣಕ್ಕೆ ಮದ್ವೆ ಅಂತ ಛತ್ರ ಹಿಡಿದಿದ್ರು. ಜ್ಯೇಷ್ಠದಲ್ಲಿ ಗೊತ್ತಾಯ್ತು, ಹುಡುಗಿಗೆ ಎರಡು ತಿಂಗಳು. ಯಾರು ಅಂತ ಬರೆಯಲ್ಲ. ಆ ಹುಡುಗಿ "ಬರೀ ದೊಡ್ಡಮ್ಮ, ನನ್ನಂಗೆ ಇನ್ನೊಬ್ಳಿಗೆ ಆಗೋದು ಬ್ಯಾಡ" ಅಂದ ಮೇಲೇ ಬರೀತಿರೋದು.

ಆ ಸುದ್ದಿ ಕೇಳಿದ ಒಂದು ವಾರದಲ್ಲಿ ಅವಳಿಗೆ ಸಿಕ್ಕಿದ ಬುದ್ಧಿಮಾತು ನೋಡಿ. ಸೋದರತ್ತೆ ಒಬ್ರು, ಮೆಡಿಕಲ್ ಸ್ಟೋರಿಂದ ಮಾತ್ರೆ ತರಿಸಿ ನುಂಗ್ಸಿ, ಯಾರ್ಗೂ ಗೊತ್ತಾಗಲ್ಲ ಅಂದ್ರು. ಅಜ್ಜಿ ಒಬ್ರು, ಬಸುರಿ ಹಸೆಮಣೆ ಮ್ಯಾಲೆ ಕೂತ್ರೆ ಕುಲಕ್ಕೆ ಒಳ್ಳೇದಲ್ಲ ಅಂದ್ರು. ಇನ್ನೊಬ್ರು, ಆಷಾಢ ಕಳೀಲಿ, ಹೊಟ್ಟೆ ಕಾಣದಂಗೆ ಸೀರೆ ಉಡ್ಸಿದ್ರಾಯ್ತು ಅಂದ್ರು. ಹುಡುಗನ ತಾಯಿ ಎಲ್ರಿಗಿಂತ ಜಾಣೆ. "ಇನ್ನೇನು, ನಿಮ್ಮ ಹುಡುಗೀನ ಬೇರೆ ಯಾರೂ ಮಾಡ್ಕೊಳಲ್ಲ, ಒಂದು ಸೈಟು ಬರ್ಕೊಡಿ" ಅಂತ ಹೇಳಿ ಕಳ್ಸುದ್ರು. ಹುಡುಗಿಗೆ ವಾಂತಿ ನಿಂತದಾ, ಏನಾದ್ರೂ ತಿಂದ್ಯಾ, ಡಾಕ್ಟರ್ ತಾವ ಹೋಗಿದ್ಯಾ ಅಂತ ಕೇಳಿದ ಬಾಯಿ ಒಂದೂ ಇಲ್ಲ.

ಒಂದೊಂದಾಗಿ ಉತ್ತರ ಕೊಡ್ತೀನಿ, ಕೇಳಿ.

ಮೊದಲು ತಿಂಗಳು ಎಣಿಸೋರ ಲೆಕ್ಕ

ನಿಮ್ಮ ಲೆಕ್ಕವೇ ತಪ್ಪು ಕಣ್ರವ್ವ. ನೀವು ಮುಹೂರ್ತದ ದಿನದಿಂದ ಒಂಬತ್ತು ತಿಂಗಳು ಎಣಿಸ್ತೀರಿ. ಆಸ್ಪತ್ರೇಲಿ ಹಂಗೆ ಎಣಿಸಲ್ಲ. ಕೊನೇ ಸಲ ಮುಟ್ಟಾದ ಮೊದಲ ದಿನದಿಂದ ನಲವತ್ತು ವಾರ, ಅಂದ್ರೆ 280 ದಿನ ಎಣಿಸ್ತಾರೆ. ಬಸುರು ನಿಲ್ಲೋದು ಸಾಮಾನ್ಯವಾಗಿ ಅದಾಗಿ ಎರಡು ವಾರಕ್ಕೆ. ಇನ್ನು 37 ವಾರ ತುಂಬಿದ ಕೂಸನ್ನ ದಿನ ತುಂಬಿದ ಕೂಸು ಅಂತಲೇ ಡಾಕ್ಟರು ಕರೆಯೋದು. ಈಗ ಕೂಡಿ ಕಳೀರಿ. ಮುಟ್ಟಾಗಿ ಹದಿನಾಲ್ಕನೇ ದಿನ ಮದ್ವೆ ಆಗಿ, ಆ ರಾತ್ರಿಯೇ ಬಸುರಾದ ಹುಡುಗಿ 37 ವಾರಕ್ಕೆ ಹೆತ್ರೆ, ಮದ್ವೆಯಾಗಿ 245 ದಿನ. ಎಂಟು ತಿಂಗಳು ಅಷ್ಟೇ. ನಿಮ್ಮ ಬೆರಳಲ್ಲಿ ಅವಳೂ ಕೆಟ್ಟೋಳು. ಇನ್ನು ನಿಜವಾಗ್ಲೂ ದಿನ ತುಂಬದೆ ಏಳಕ್ಕೋ ಎಂಟಕ್ಕೋ ಹೆತ್ತು, ಕೂಸನ್ನ ಗಾಜಿನ ಪೆಟ್ಟಿಗೇಲಿ ಇಟ್ಟು, ಉಳೀತದೋ ಇಲ್ವೋ ಅಂತ ದೇವರಿಗೆ ಕೈ ಮುಗೀತಾ ಕೂತಿರೋ ತಾಯಿ ಎದುರಿಗೆ ಹೋಗಿ ನೀವು ಬೆರಳು ಮಡಚ್ತೀರಿ. ಆ ಪಾಪಕ್ಕೆ ಯಾವ ಹರಕೆ ಕಟ್ಟಿ ತೀರಿಸ್ತೀರಿ?

ಎಣಿಸೋ ಚಟದಿಂದ ಇನ್ನೊಂದು ಕೆಡುಕು ಐತೆ, ಇದು ಬಾಳ ಜನಕ್ಕೆ ಗೊತ್ತಿಲ್ಲ. ನಿಮ್ಮ ಬಾಯಿಗೆ ಹೆದರಿ ಮನೆಯೋರು ನರ್ಸಮ್ಮನ ತಾವಲೂ ಸುಳ್ಳು ತಾರೀಖು ಹೇಳ್ತಾರೆ. ಮುಟ್ಟಾದ ದಿನ ಕೇಳಿದ್ರೆ ಮದ್ವೆ ಆದ್ಮೇಲಿನ ಯಾವ್ದೋ ದಿನ ಹೇಳ್ತಾರೆ. ತಾಯಿ ಕಾರ್ಡಿನಲ್ಲಿ ಅದೇ ಕೂತ್ಕತದೆ. ಕೊನೆಗೆ ದಿನ ಮೀರಿ ಹೋಗಿರೋ ಬಸುರಿಗೆ ಇನ್ನೂ ಎಂಟು ತಿಂಗಳು ಅಂತ ಕಾರ್ಡು ಹೇಳ್ತದೆ. ಹೊಟ್ಟೆ ದೊಡ್ಡದಾಗಿ ಕಂಡ್ರೆ, ಚಿಕ್ಕದಾಗಿ ಕಂಡ್ರೆ, ಯಾಕೆ ಅಂತ ಅಳೆಯೋಕೆ ಡಾಕ್ಟರಿಗೆ ಸರಿಯಾದ ಅಳತೆಗೋಲೇ ಇರಲ್ಲ. ಮೊದಲ ಮೂರು ತಿಂಗಳಲ್ಲಿ ಸ್ಕ್ಯಾನ್ ಮಾಡಿಸಿದ್ರೆ ದಿನ ಹೆಚ್ಚುಕಮ್ಮಿ ಸರಿಯಾಗಿ ಗೊತ್ತಾಗ್ತದೆ, ಆದ್ರೆ ಮುಚ್ಚಿಡೋರು ಆ ಮೂರು ತಿಂಗಳಲ್ಲಿ ಆಸ್ಪತ್ರೆ ಮೆಟ್ಲೇ ಹತ್ತಲ್ಲ.

ಹತ್ತದೆ ಇದ್ರೆ ಏನಾಗ್ತದೆ? ಕೂಸಿನ ಮೆದುಳು, ಬೆನ್ನುಹುರಿ ರೂಪ ತಗೊಳ್ಳೋದು ಬಸುರು ನಿಂತ ಮೊದಲ ನಾಲ್ಕು ವಾರದಲ್ಲೇ. ಅದಕ್ಕೇ ಫೋಲಿಕ್ ಆಸಿಡ್ ಮಾತ್ರೆ ಆದಷ್ಟು ಬೇಗ ಶುರು ಮಾಡ್ಬೇಕು ಅನ್ನೋದು. ಆಮೇಲೆ ಕಬ್ಬಿಣದ ಮಾತ್ರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ಕರ್ನಾಟಕದಲ್ಲಿ ನೂರು ಬಸುರಿಯರಲ್ಲಿ ನಲವತ್ತೈದಕ್ಕೂ ಹೆಚ್ಚು ಜನಕ್ಕೆ ರಕ್ತ ಕಮ್ಮಿ. ಎಲ್ರಿಗೂ ಹೇಳ್ಕೊಂಡು ಸೀಮಂತ ಮಾಡಿಸ್ಕೊಂಡೋರ ಪಾಡೇ ಹಿಂಗಾದ್ರೆ, ಬಸುರನ್ನ ಸೆರಗಲ್ಲಿ ಮುಚ್ಕೊಂಡು, ವಾಂತಿ ಬಂದ್ರೆ ನಲ್ಲಿ ಬುಟ್ಕೊಂಡು ಸದ್ದು ಕೇಳದಂಗೆ ಮಾಡೋ ಹುಡುಗಿ ಗತಿ ಏನು? ಆಶಾ ಕಾರ್ಯಕರ್ತೆಗೂ ಹೇಳಂಗಿಲ್ಲ, ಅವಳೂ ಇದೇ ಊರೋಳು. ಬಸುರಿನ ಲೆಕ್ಕ ಮುಟ್ಟಿನ ದಿನದಿಂದ ಶುರುವಾಗ್ತದೆ, ಮುಹೂರ್ತದ ದಿನದಿಂದ ಅಲ್ಲ. ಇದನ್ನ ಗೋಡೆ ಮ್ಯಾಲೆ ಬರ್ಕೊಳ್ಳಿ.

ಶಾಸ್ತ್ರ ಒಪ್ಪಲ್ಲ ಅನ್ನೋರಿಗೆ

ಯಾವ ಶಾಸ್ತ್ರ ಅಜ್ಜಿ? ಮನುಸ್ಮೃತಿಗಿಂತ ಕಟ್ಟುನಿಟ್ಟು ಬೇಕಾ ನಿಮ್ಗೆ? ಅದರ ಒಂಬತ್ತನೇ ಅಧ್ಯಾಯದಲ್ಲಿ ಹನ್ನೆರಡು ತರದ ಮಕ್ಕಳ ಪಟ್ಟಿ ಐತೆ. ಅದರಲ್ಲಿ ಒಂದು ಹೆಸರು "ಸಹೋಢ". ಮದ್ವೆ ಆಗೋವಾಗಲೇ ಹೊಟ್ಟೇಲಿದ್ದು, ಹೆಣ್ಣಿನ ಜೊತೆಗೇ ಗಂಡನ ಮನೆಗೆ ಬಂದ ಕೂಸು ಅದು. ಗೊತ್ತಿದ್ದು ಮದ್ವೆ ಆಗಿರಲಿ, ಗೊತ್ತಿಲ್ದೆ ಆಗಿರಲಿ, ಆ ಕೂಸು ಕೈ ಹಿಡಿದೋನದೇ ಅಂತ ಅಲ್ಲಿ ಹೇಳದೆ. ಆಸ್ತಿ ಪಾಲಿನ ವಿಷಯದಲ್ಲಿ ಆ ಮಗನ್ನ ಕೆಳಗಿನ ಸಾಲಲ್ಲಿ ಕೂರ್ಸವ್ರೆ, ಅದು ಬೇರೆ ಮಾತು, ಅದನ್ನೂ ನಾನು ಒಪ್ಪಲ್ಲ. ಆದ್ರೆ ಅಂಥಾ ಮದ್ವೆಯೇ ಆಗಕೂಡದು ಅಂತ ಅಲ್ಲ, ಅಂಥಾ ಮದ್ವೆಗಳು ಆಗ್ತಿದ್ವು ಅಂತಲೇ ಅದಕ್ಕೊಂದು ಹೆಸರು ಹುಟ್ಟಿರೋದು. ಹೆಸರಿಲ್ಲದ ತರಕಾರಿಗೆ ಸಂತೇಲಿ ದರ ಹಾಕ್ತಾರಾ?

ಪುರಾಣ ಬೇಕಾ? ಶಂತನು ಮಹಾರಾಜನ ಕೈ ಹಿಡಿಯೋಕೆ ಮುಂಚೆ ಸತ್ಯವತಿ ವ್ಯಾಸರನ್ನ ಹೆತ್ತಿದ್ಲು. ಆ ವ್ಯಾಸರು ಬರೆದ ಭಾರತಾನ ನಾವು ದೇವರ ಮನೇಲಿ ಇಡ್ತೀವಿ. ಶಕುಂತಲೆ ತುಂಬಿದ ಬಸುರಿ ಆಸ್ಥಾನಕ್ಕೆ ಹೋದಾಗ ಗುರುತೇ ಇಲ್ಲ ಅಂದ ರಾಜನ್ನ ನಾಟಕ ನೋಡ್ತಾ ಶಾಪ ಹಾಕ್ತೀವಿ, ಕಣ್ಣೀರು ಒರೆಸ್ಕೊತೀವಿ. ಕುಂತಿ ಏನು ಮಾಡಿದ್ಲು? ಊರ ಬಾಯಿಗೆ ಹೆದರಿ ಕರ್ಣನ್ನ ಪೆಟ್ಟಿಗೇಲಿ ಇಟ್ಟು ಹೊಳೇಗೆ ಬುಟ್ಲು. ಆ ಒಂದು ಹೆದರಿಕೆ ಕೊನೆಗೆ ಕುರುಕ್ಷೇತ್ರದಲ್ಲಿ ಅಣ್ಣನ ಎದೆಗೆ ತಮ್ಮ ಬಾಣ ಹೂಡೋವರೆಗೂ ಬಂತು. ಹರಿಕತೇಲಿ ಕುಂತಿ ದುಃಖ ಕೇಳಿ ಮೂಗು ಒರೆಸ್ಕೊಳ್ಳೋ ನಾವು, ಮನೆಗೆ ಬಂದು ಪಕ್ಕದ ಮನೆ ಕುಂತಿಗೆ ಪೆಟ್ಟಿಗೆ ಹುಡುಕಿ ಕೊಡ್ತೀವಿ.

ನಮ್ಮ ಒಕ್ಕಲು ಮಕ್ಕಳ ಪದ್ಧತಿ ನೋಡಿದ್ರೂ ಅಷ್ಟೇ. ಗಂಡ ಸತ್ತೋಳಿಗೆ, ಗಂಡನ್ನ ಬುಟ್ಟೋಳಿಗೆ ಕೂಡಿಕೆ ಮಾಡೋದು ನಮ್ಮ ಹಳೇ ಮೈಸೂರು ಸೀಮೇಲಿ ಹಿಂದಿನಿಂದ ಇತ್ತು. ಧಾರೆ ಮದ್ವೆ ಅಷ್ಟು ಸಡಗರ ಇಲ್ಲ, ನಾಲ್ಕು ಜನ ಹಿರೀಕರ ಮುಂದೆ ಒಂದು ಸೀರೆ ಉಡಿಸಿ ಮನೆ ತುಂಬಿಸ್ಕೊಳ್ಳೋದು. ಅದ್ರಲ್ಲೂ ಹೆಂಗಸರಿಗೆ ಅವಮಾನ ಇತ್ತು, ಇಲ್ಲ ಅನ್ನಲ್ಲ. ಆದ್ರೂ ಹೆಣ್ಣಿನ ಬಾಳು ನಡೀಬೇಕು, ಕೂಸಿಗೆ ಒಂದು ಮನೆ ಬೇಕು ಅನ್ನೋದು ನಮ್ಮ ಹಿರೀಕರಿಗೆ ತಿಳಿದಿತ್ತು. ಕಾಲೇಜು ಮೆಟ್ಲು ಹತ್ತಿದ ನಮಗೆ ತಿಳೀದೆ ಹೋಯ್ತಾ?

ಕಾನೂನಂತೂ ಕನ್ನಡಿಯಷ್ಟು ಸ್ಪಷ್ಟ. 1872ರ ಸಾಕ್ಷ್ಯ ಕಾಯ್ದೆಯ 112ನೇ ಕಲಂನಲ್ಲಿ ಇದ್ದದ್ದು, 2024ರ ಜುಲೈ ಒಂದರಿಂದ ಬಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಂನಲ್ಲಿ ಹಂಗೇ ಐತೆ. ಊರ್ಜಿತ ಮದ್ವೆ ಇರೋವಾಗ ಹುಟ್ಟಿದ ಕೂಸು ಆ ಗಂಡನ ಸಕ್ರಮ ಕೂಸು. ಬಸುರು ಯಾವತ್ತು ನಿಂತಿತು ಅಂತ ಕಾನೂನು ಕೇಳಲ್ಲ, ಹುಟ್ಟಿದ ದಿನ ಮದ್ವೆ ಇತ್ತಾ ಅಂತ ಕೇಳ್ತದೆ. ತಾಳಿ ಕಟ್ಟಿದ ಮಾರನೇ ದಿನ ಹೆತ್ರೂ ಕೂಸಿಗೆ ಅಪ್ಪನ ಹೆಸರು, ಅಪ್ಪನ ಆಸ್ತಿ ಎರಡೂ ಉಂಟು. ಒಂದು ಎಚ್ಚರಿಕೆ ಮಾತ್ರ. ಹೊಟ್ಟೇಲಿರೋ ಕೂಸು ಬೇರೆಯೋನದು ಅಂತ ಮುಚ್ಚಿಟ್ಟು ಇನ್ನೊಬ್ಬನಿಗೆ ಕಟ್ಟಿದ್ರೆ, ಅವನು 1955ರ ಹಿಂದೂ ವಿವಾಹ ಕಾಯ್ದೆ 12ನೇ ಕಲಂ ಪ್ರಕಾರ ಆ ಮದ್ವೇನ ರದ್ದು ಮಾಡಿಸಬಹುದು. ಮುಚ್ಚಿಟ್ಟೋರ ಮದ್ವೇನೇ ಅಪಾಯದಲ್ಲಿರೋದು, ಹೇಳಿ ಮಾಡ್ಕೊಂಡೋರದಲ್ಲ.

ಮಾತ್ರೆ ನುಂಗ್ಸಿ ಅಂದ ಸೋದರತ್ತೆಗೆ

ಅತ್ತೆಮ್ಮ, ಬಸುರು ಬೇಡ ಅನ್ನೋ ಹಕ್ಕು ಆ ಹುಡುಗಿಗೆ ಐತೆ. ನಿಮಗೆ ಇಲ್ಲ. 1971ರ ಗರ್ಭಪಾತದ ಕಾಯ್ದೆ ಪ್ರಕಾರ ವಯಸ್ಸಿಗೆ ಬಂದ ಹೆಣ್ಣಿನ ಒಪ್ಪಿಗೆ ಒಂದೇ ಸಾಕು, ಅಪ್ಪಂದಾಗಲಿ ಗಂಡಂದಾಗಲಿ ಸಹಿ ಬೇಡ. 2021ರಲ್ಲಿ ಅದನ್ನ ತಿದ್ದುಪಡಿ ಮಾಡಿದ್ರು, 2022ರ ಸೆಪ್ಟೆಂಬರ್ 29ಕ್ಕೆ ಸುಪ್ರೀಂ ಕೋರ್ಟು ಮದ್ವೆಯಾದೋರು ಆಗದೋರು ಅಂತ ಇದ್ರಲ್ಲಿ ಭೇದ ಮಾಡಂಗಿಲ್ಲ ಅಂತ ತೀರ್ಪು ಕೊಡ್ತು. ಅವಳ ಹೆಸರು ಹೊರಗೆ ಬುಡಬಾರದು ಅಂತಲೂ ಕಾಯ್ದೇಲಿ ಐತೆ. ಅಂದ್ಮೇಲೆ ಅವಳಿಗೆ ಬೇಡದಿದ್ರೆ ರಾಜಾರೋಷವಾಗಿ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಆದ್ರೆ ಕದ್ದು ತಂದ ಮಾತ್ರೆ ಬೇರೆ ವಿಷಯ. ಅದು ಮೊದಲ ಒಂಬತ್ತು ವಾರದೊಳಗೆ, ಡಾಕ್ಟರು ನೋಡಿ ಬರೆದುಕೊಟ್ಟು, ಅವರ ಕಣ್ಣಳತೇಲಿ ತಗೊಳ್ಳೋ ಔಷಧಿ. ಬಸುರು ಗರ್ಭಕೋಶದಲ್ಲೇ ನಿಂತದಾ ಅಂತ ಮೊದಲು ನೋಡ್ಬೇಕು. ಟ್ಯೂಬಿನಲ್ಲಿ ನಿಂತಿದ್ರೆ ಆ ಮಾತ್ರೆ ಕೆಲಸ ಮಾಡಲ್ಲ, ಟ್ಯೂಬು ಒಡೆದು ಹೊಟ್ಟೆಯೊಳಗೇ ರಕ್ತ ಸುರಿದು ಸಾಯ್ತಾರೆ. ಅರ್ಧಂಬರ್ಧ ಆದ್ರೆ ನಂಜಾಗ್ತದೆ. ರಾತ್ರಿ ಹೊತ್ತು ರಕ್ತ ಹೋಗ್ತಾ ಇದ್ರೂ, ಯಾರಿಗೂ ಗೊತ್ತಾಗಬಾರದು ಅಂತ ಬಾಗಿಲು ಹಾಕ್ಕೊಂಡು ಕೂರ್ತೀರಲ್ಲ, ಅಲ್ಲೇ ಜೀವ ಹೋಗೋದು. "ಘಟಶ್ರಾದ್ಧ" ಅಂತ ಒಂದು ಸಿನಿಮಾ, ಅನಂತಮೂರ್ತಿ ಅವರ ಕತೆ, ಗಿರೀಶ್ ಕಾಸರವಳ್ಳಿ ಅವರು 1977ರಲ್ಲಿ ಮಾಡಿದ್ದು. ಬಸುರಾದ ವಿಧವೆ ಹುಡುಗೀನ ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಗೆ ಹಾಕೋ ಕತೆ. ನೋಡಿದೋರೆಲ್ಲ ಅಗ್ರಹಾರದೋರು ಎಷ್ಟು ಕ್ರೂರಿಗಳು ಅಂತೀವಿ. ನಮ್ಮೋರು ಮಡಕೆ ಒಡೆಯಲ್ಲ, ಮಾತ್ರೆ ತರ್ತಾರೆ. ಇಷ್ಟೇ ವ್ಯತ್ಯಾಸ.

ನಮ್ಮ ಹುಡುಗಿ ಕೂಸು ಬೇಕು ಅಂದ್ಲು. ಬೇಕು ಅಂದ ಮೇಲೆ ಮುಗೀತು.

ಸೈಟು ಕೇಳಿದ ಬೀಗಿತ್ತಿಗೆ

ಉರಿಯೋ ಮನೇಲಿ ಗಳ ಹಿರಿಯೋದು ಅಂದ್ರೆ ಇದೇ. ಹೊಟ್ಟೇಲಿರೋದು ಯಾರ ಮೊಮ್ಮಗು? ನಿಮ್ಮ ಮಗನದು. ನಿಮ್ಮ ಮಗ ಮಾಡಿದ ಕೆಲಸಕ್ಕೆ ನಮ್ಮ ಹುಡುಗಿ ಅಪ್ಪ ದಂಡ ಕಟ್ಟಬೇಕಾ? ಎರಡು ಜನ ಸೇರಿ ಆದದ್ದಕ್ಕೆ ಒಬ್ಳು ಕೆಟ್ಟೋಳಾಗ್ತಾಳೆ, ಇನ್ನೊಬ್ಬ ಮದುಮಗ ಆಗ್ತಾನೆ, ಅವನ ರೇಟು ಏರ್ತದೆ. ಇದ್ಯಾವ ಸೀಮೆ ವ್ಯಾಪಾರ? ವರದಕ್ಷಿಣೆ ಕೇಳೋದೇ 1961ರಿಂದ ಅಪರಾಧ. ಬಸುರಿ ಅಂತ ಗೊತ್ತಾದ ಮೇಲೆ ಕೇಳೋದು ಅಪರಾಧದ ಮ್ಯಾಲೆ ಅಪರಾಧ, ಒತ್ತೆಯಾಳು ಇಟ್ಕೊಂಡು ದುಡ್ಡು ಕೇಳೋ ಹಂಗೆ.

ಇಲ್ಲಿ ಹೆಣ್ಣಿನ ಕಡೆಯೋರಿಗೂ ಒಂದು ಮಾತು. ನೀವು ತಲೆ ತಗ್ಗಿಸಿದಷ್ಟೂ ಅವರು ಸೈಟಿಂದ ಕಾರಿಗೆ, ಕಾರಿಂದ ಜಮೀನಿಗೆ ಬರ್ತಾರೆ. ಆವತ್ತು ನಮ್ಮ ಹುಡುಗೀನೇ ಹುಡುಗನಿಗೆ ಫೋನು ಹಾಕಿ, "ನಿಮ್ಮಮ್ಮ ಸೈಟು ಕೇಳವ್ರೆ. ನಿಂಗೆ ಸೈಟು ಬೇಕಾ, ನಾನೂ ಮಗೂನೂ ಬೇಕಾ, ಇವತ್ತೇ ಹೇಳು. ಸೈಟು ಅಂದ್ರೆ ನನ್ನ ಮಗೂನ ನಾನೇ ಸಾಕ್ಕೋತೀನಿ" ಅಂದ್ಲು. ಬರೀ ಕೋಪಕ್ಕೆ ಆಡಿದ ಮಾತಲ್ಲ ಅದು. ಮದ್ವೆಯಾಗದ ತಾಯಿ ತಂದೆ ಹೆಸರು ಹೇಳದೆಯೇ ಮಗೂಗೆ ಜನನ ಪತ್ರ ಮಾಡಿಸಬಹುದು, ಅವಳೊಬ್ಳೇ ಪೋಷಕಿ ಆಗಬಹುದು ಅಂತ 2015ರಲ್ಲೇ ಸುಪ್ರೀಂ ಕೋರ್ಟು ಹೇಳದೆ. ಹುಡುಗ ಬಂದ. ತಾಯೀನೂ ಸುಮ್ಮನಾದ್ರು. ಬೆನ್ನೆಲುಬು ನೆಟ್ಟಗಿದ್ರೆ ಬೇರೆಯೋರು ಬಾಗಿಸೋಕೆ ಆಗಲ್ಲ.

ಆಷಾಢ ಕಳೀಲಿ ಅನ್ನೋರಿಗೆ

ಬಸುರು ಆಷಾಢ ನೋಡಲ್ಲ, ಗುರುಬಲ ಕೇಳಲ್ಲ. ಲೆಕ್ಕ ಹಾಕಿ: ಎಂಟು ವಾರಕ್ಕೆ ಗೊತ್ತಾದದ್ದು. ಆಷಾಢ ಮುಗಿಯೋಕೆ ಇನ್ನೆರಡು ತಿಂಗಳು. ಆಮೇಲೆ ವರಮಹಾಲಕ್ಷ್ಮಿ ಹಬ್ಬ ಕಳೀಲಿ, ಛತ್ರ ಇರೋ ದಿನ ಬರಲಿ ಅಂತ ಕೂತ್ರೆ ಇಪ್ಪತ್ತು ವಾರ. ಅಷ್ಟೊತ್ತಿಗೆ ಚೊಚ್ಚಲು ಬಸುರೀದೂ ಹೊಟ್ಟೆ ಕಾಣ್ತದೆ. ಅದನ್ನ ಬಿಗಿಯಾಗಿ ಸೀರೆ ಕಟ್ಟಿ, ಡಾಬು ಬಿಗಿದು ಮುಚ್ತೀವಿ ಅಂತೀರಿ. ಯಾವ ಘನಕಾರ್ಯಕ್ಕೆ? ಐನೂರು ಜನಕ್ಕೆ ಚಿರೋಟಿ ಬಡಿಸೋಕೆ.

ಛತ್ರ ಬುಡಿ. ಮುಂಗಡ ಹೋದ್ರೆ ಹೋಗ್ಲಿ. ಊರ ದೇವಸ್ಥಾನದಲ್ಲಿ ನಲವತ್ತು ಜನದ ಮುಂದೆ ತಾಳಿ ಕಟ್ಟಿಸಿ, ಮನೆ ಮುಂದೆ ಚಪ್ಪರ ಹಾಕಿ ಊಟ ಹಾಕಿ. ಅದೂ ಬೇಡ ಅಂದ್ರೆ ಕುವೆಂಪು ಅವರು ಹೇಳಿಕೊಟ್ಟ ಮಂತ್ರ ಮಾಂಗಲ್ಯ ಐತೆ. ಅವರ ಮಗ ಪೂರ್ಣಚಂದ್ರ ತೇಜಸ್ವಿ 1966ರಲ್ಲಿ ಹಂಗೇ ಮದ್ವೆ ಆದ್ರು. ಮುಹೂರ್ತ, ಜಾತಕ, ವರದಕ್ಷಿಣೆ, ಆಡಂಬರ ಯಾವ್ದೂ ಇಲ್ಲ, ಹತ್ತಿರದೋರ ಮುಂದೆ ಗಂಡು ಹೆಣ್ಣು ಪ್ರತಿಜ್ಞೆ ಮಾಡೋದು. ಅಂಥಾ ದೊಡ್ಡ ಮನೇಲೇ ಸರಳವಾಗಿ ನಡೆದದ್ದು ನಮಗೆ ಯಾಕೆ ಕಮ್ಮಿ ಆಗ್ಬೇಕು?

ರಿಜಿಸ್ಟರ್ ವಿಷಯ ವಸಿ ಗಮನ ಇಟ್ಟು ಓದಿ. ಹಿಂದೂ ವಿವಾಹ ಕಾಯ್ದೇಲಿ ಮೊದಲು ಮದ್ವೆ ಶಾಸ್ತ್ರ ಆಗ್ಬೇಕು, ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರೀಲಿ ನೋಂದಣಿ. ಶಾಸ್ತ್ರ ನಡೀದೆ ಬರೀ ಸರ್ಟಿಫಿಕೇಟು ಮಾಡಿಸ್ಕೊಂಡ್ರೆ ಅದು ಹಿಂದೂ ಮದ್ವೆ ಆಗಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟು ಹೇಳದೆ. ಅದಕ್ಕೇ ದೇವಸ್ಥಾನದಲ್ಲೋ ಮನೇಲೋ ತಾಳಿ ಕಟ್ಟೋದು, ಸಪ್ತಪದಿ ತುಳಿಯೋದು, ನಿಮ್ಮ ಕುಲದಲ್ಲಿ ಯಾವ ಪದ್ಧತಿ ಐತೋ ಅದನ್ನ ಮಾಡಿ, ಫೋಟೋ ತೆಗೆಸಿಟ್ಕೊಳ್ಳಿ. 1954ರ ವಿಶೇಷ ವಿವಾಹ ಕಾಯ್ದೇಲಿ ಆಗೋರು ಮೂವತ್ತು ದಿನ ಮುಂಚೆ ನೋಟೀಸು ಕೊಡ್ಬೇಕು, ಅದನ್ನ ಕಚೇರೀಲಿ ಅಂಟಿಸ್ತಾರೆ. ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಆದ್ರೆ ಈ ಮೂವತ್ತು ದಿನಾನ ಲೆಕ್ಕಕ್ಕೆ ತಗೊಂಡು ಮೊದಲೇ ಅರ್ಜಿ ಹಾಕಿ.

ಮದ್ವೆ ದಿನ ಅವಳ ಮೈ ಮೊದಲು

ನಮ್ಮ ಹುಡುಗಿ ಮದ್ವೆ ಆಷಾಢಕ್ಕೆ ಮುಂಚೇನೇ, ಹನ್ನೊಂದನೇ ವಾರದಲ್ಲಿ ಆಯ್ತು. ನಾನೇ ಜೊತೇಲಿ ನಿಂತಿದ್ದೆ, ಪುರೋಹಿತರಿಗೆ ಮೊದಲೇ ಹೇಳಿದ್ವಿ. ಅವರು, "ಅದಕ್ಕೇನಮ್ಮ, ಚಿಕ್ಕದಾಗಿ ಮುಗಿಸೋಣ" ಅಂದ್ರು. ಊರ ಹೆಂಗಸರಿಗಿಂತ ಪುರೋಹಿತರೇ ವಾಸಿ.

ಯಾರ ಮನೇಲಾದ್ರೂ ಹಿಂಗೆ ಬಂದ್ರೆ ಇಷ್ಟು ನೆನಪಿಟ್ಕೊಳ್ಳಿ. ತಾಳಿ ಕಟ್ಟೋವರೆಗೂ ಉಪವಾಸ ಅಂತ ಕೂರಿಸಬೇಡಿ. ಬೆಳಿಗ್ಗೆ ಎದ್ದ ಕೂಡ್ಲೇ ಒಣಗಿದ್ದು ಏನಾದ್ರೂ, ಒಂದೆರಡು ಬ್ರೆಡ್ಡೋ, ಹುರಿಗಡಲೆಯೋ ಕೊಡಿ, ಖಾಲಿ ಹೊಟ್ಟೇಲಿ ವಾಂತಿ ಜಾಸ್ತಿ. ಶಾಸ್ತ್ರದ ನಡುವೆ ಎಳನೀರು, ಮಜ್ಜಿಗೆ ಕುಡಿಸ್ತಾ ಇರಿ. ಹೋಮದ ಹೊಗೆ ಮೂಗಿಗೆ ಹೊಡೆಯದಂಗೆ ಗಾಳಿ ಬರೋ ಕಡೆ ಕೂರಿಸಿ. ಅಡುಗೆ ಒಲೆ ದೂರ ಇರಲಿ, ಒಗ್ಗರಣೆ ವಾಸನೆ ಆಗದೆ ನಮ್ಮ ಹುಡುಗಿ ಎರಡು ಸಲ ಎದ್ದು ಹೋದ್ಲು. ಬಚ್ಚಲು ಹತ್ತಿರ ಇರಬೇಕು, ಬಸುರೀಗೆ ಗಳಿಗೆಗೊಂದು ಸಲ ಹೋಗ್ಬೇಕಾಗ್ತದೆ. ಡಾಬು ಬೇಡ, ಪಟ್ಟೆ ಸೀರೆ ಬಿಗಿಯಾಗಿ ಕಟ್ಟಬೇಡಿ. ಆರತಕ್ಷತೆ ಮಾಡೋದಾದ್ರೆ ಕುರ್ಚಿ ಹಾಕಿ ಕೂರಿಸಿ, ನಾಲ್ಕು ಗಂಟೆ ನಿಲ್ಲಿಸಿ ಫೋಟೋ ತೆಗೆಸಬೇಡಿ. ತಲೆ ಸುತ್ತಿ, ಹೊಟ್ಟೆ ನೋವು ಬಂದು, ಚೂರು ರಕ್ತ ಕಂಡ್ರೂ ಮುಹೂರ್ತ ಅಂತ ಕಾಯಬೇಡಿ, ಗಾಡಿ ಹತ್ತಿಸಿ. ಬೀಗರೂಟ ಇನ್ನೊಂದು ವಾರ ಬುಟ್ಟು ಇಟ್ಕೊಳ್ಳಿ, ಬೇಟೆ ಎಲ್ಲಿಗೂ ಓಡಿ ಹೋಗಲ್ಲ. ಆಸ್ಪತ್ರೆ ದುಡ್ಡನ್ನ ಮೊದಲು ಬೇರೆ ಎತ್ತಿಟ್ಟು, ಉಳಿದದ್ರಲ್ಲಿ ಮದ್ವೆ ಮಾಡಿ. ಮದ್ವೆ ಸಾಲ ತೀರಿಸೋಕೆ ಅಂತ ಬಸುರಿ ಓಟಿ ಮಾಡೋ ಗತಿ ತರಬೇಡಿ.

ಒಂದು ಗೆರೆ ಮಾತ್ರ ದಾಟಬಾರದು

ನಾನು ಹೇಳಿದ್ದೆಲ್ಲ ಹುಡುಗಿಗೆ 18, ಹುಡುಗನಿಗೆ 21 ತುಂಬಿರೋ ಮನೆಗೆ. ಹದಿನೈದು ಹದಿನಾರರ ಹುಡುಗಿ ಬಸುರಿ ಆದ್ಲು ಅಂತ ರಾತ್ರೋರಾತ್ರಿ ತಾಳಿ ಕಟ್ಟಿಸೋದಕ್ಕೆ ಯಾರೂ ನನ್ನ ಮಾತು ಎತ್ತಬೇಡಿ. ಅದು ಮದ್ವೆ ವಿಷಯವೇ ಅಲ್ಲ, 2012ರ ಪೋಕ್ಸೋ ಕಾಯ್ದೆ ಪ್ರಕಾರ ಮಗು ಮ್ಯಾಲೆ ನಡೆದ ಅಪರಾಧ. ನಮ್ಮ ಕರ್ನಾಟಕದಲ್ಲಿ 2017ರಿಂದ ಬಾಲ್ಯವಿವಾಹ ಮೊದಲ ದಿನದಿಂದಲೇ ಅಸಿಂಧು, ಮದ್ವೆಯೇ ಆಗಿಲ್ಲ ಅಂತ ಲೆಕ್ಕ. ಅಂಥಾ ಮಗೂಗೆ ಬೇಕಾಗಿರೋದು ಡಾಕ್ಟರು, ಮತ್ತೆ ಸ್ಕೂಲು. ತಾಳಿ ಅಲ್ಲ. 1098ಕ್ಕೆ ಫೋನು ಮಾಡಿ. ಹಂಗೇ ಹುಡುಗಿಗೆ ಆ ಗಂಡು ಬೇಡ, ಬಲವಂತ ಮಾಡಿದ್ದ ಅಂದ್ರೆ ಅವನಿಗೇ ಕಟ್ಟಿ ಮಾನ ಉಳಿಸ್ಕೊಳ್ಳೋದು ಅವಳನ್ನ ಎರಡನೇ ಸಲ ಕೊಲ್ಲೋದು. ಬಸುರು ಅನ್ನೋದು ಮದ್ವೆಗೆ ವಾರಂಟು ಅಲ್ಲ. ಇಬ್ರೂ ಬೇಕು ಅಂದ್ರೆ ಮಾತ್ರ ಮದ್ವೆ.

"ನೀನು ಹಿಂಗೆ ಬರೆದ್ರೆ ಹುಡುಗೀರೆಲ್ಲ ಹಾಳಾಗ್ತಾರೆ" ಅಂತ ಹೇಳೋರು ಅವ್ರೆ, ನನಗೆ ಗೊತ್ತು. ಯಾವ ಹುಡುಗೀನೂ ಇದನ್ನ ಓದಿ ಬಸುರಿ ಆಗಲ್ಲ ಕಣ್ರವ್ವ. ಹೆದರಿಸಿದ್ರೆ ಬಸುರು ನಿಲ್ಲೋದು ನಿಲ್ಲಂಗಿದ್ರೆ, ಇಷ್ಟು ವರ್ಷದ ನಮ್ಮ ಬಾಯಿಗೆ ಯಾವತ್ತೋ ನಿಂತಿರಬೇಕಿತ್ತು. ಹೆದರಿಕೆಯಿಂದ ಹುಡುಗೀರು ಮಾಡ್ತಿರೋದು ಒಂದೇ, ಹೇಳ್ಕೊಳ್ಳೋದನ್ನ ತಡ ಮಾಡ್ತಾರೆ. ಎರಡು ತಿಂಗಳಿಗೆ ಹೇಳೋದನ್ನ ಐದು ತಿಂಗಳಿಗೆ ಹೇಳ್ತಾರೆ. ಕೆಲವರು ಹೇಳೋದೇ ಇಲ್ಲ, ಬಾವಿ ಕಡೆ ನಡೀತಾರೆ. ನಿಮ್ಮ ಮಗಳಿಗೆ ಬುದ್ಧಿ ಹೇಳೋದಿದ್ರೆ ಮೊದಲೇ ಹೇಳಿ, ಮೈ ವಿಷಯ ಬಿಡಿಸಿ ಹೇಳಿ, ಮಗನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿ. ಆದ ಮೇಲೆ ಕೈ ಹಿಡೀರಿ. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ" ಅಂತೀರಿ. ಸರಿ. ಹೋದ ಹುಡುಗಿ ಏನು ಕೊಟ್ರೆ ಬರ್ತಾಳೆ?

ಪುಷ್ಯ ಮಾಸದಲ್ಲಿ, ನಮ್ಮ ಮಾಗಡಿ ಅವರೆಕಾಯಿ ಸೊಗಡು ಏರಿದ ಕಾಲದಲ್ಲಿ, ಆ ಹುಡುಗಿಗೆ ಹೆಣ್ಣು ಕೂಸು ಆಯ್ತು. ಮದ್ವೆ ಆಗಿ ಏಳು ತಿಂಗಳು ತುಂಬಿರಲಿಲ್ಲ. ಕೂಸು ಮೂರು ಕೆಜಿ ಇತ್ತು. ನೋಡೋಕೆ ಬಂದ ಒಬ್ರು, "ಏಳು ತಿಂಗಳ ಕೂಸಿಗೆ ಮೂರು ಕೆಜಿನಾ?" ಅಂತ ತೂಕದ ಅಂಗಡಿಯೋರ ಹಂಗೆ ಕೇಳುದ್ರು. ಬಾಣಂತಿ ಹಾಸಿಗೇಲಿ ಕೂತಿದ್ದೋಳು, "ಒಂಬತ್ತು ತಿಂಗಳು ಹೊತ್ತಿದ್ದೀನಿ ದೊಡ್ಡಮ್ಮ, ಒಂದು ದಿನ ಕಮ್ಮಿ ಇಲ್ಲ" ಅಂದ್ಲು. ಬಂದೋರು ಅವರೆಬೇಳೆ ಚೀಲ ಇಟ್ಟು ಎದ್ದು ಹೋದ್ರು.

ನೀವು ಹಂಗೆ ಹೋಗಬೇಡಿ. ಮುಂದೆ ನಮ್ಮ ಬಳಗದಲ್ಲೋ ನಿಮ್ಮ ಬೀದೀಲೋ ಇಂಥಾ ಮದ್ವೆ ಆದ್ರೆ ಮುಯ್ಯಿ ಹಣಾನ ಬೆಳ್ಳಿ ದೀಪ, ಸ್ಟೀಲು ಪಾತ್ರೆ ಅಂತ ಸುರೀಬೇಡಿ, ಹುಡುಗಿ ಕೈಗೇ ನಗದು ಕೊಡಿ, ಸ್ಕ್ಯಾನಿಗೆ ಆಗ್ತದೆ. ಐದಕ್ಕೋ ಏಳಕ್ಕೋ ನಿಮ್ಮಲ್ಲಿ ಹೆಂಗೆ ಪದ್ಧತಿಯೋ ಹಂಗೆ ಮಡ್ಲಕ್ಕಿ ಕಟ್ಟಿ, ಹಸಿರು ಬಳೆ ತೊಡಿಸಿ, ಉಳಿದ ಬಸುರೀರಿಗೆ ಮಾಡೋದ್ರಲ್ಲಿ ಒಂದು ಬಳೆ ಕಮ್ಮಿ ಮಾಡಬೇಡಿ. ಹೆತ್ತಾಗ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ತಗೊಂಡು ಹೋಗಿ. ಕೂಸನ್ನ ಎತ್ಕೊಳ್ಳೋ ಮುಂಚೆ ಕೈ ತೊಳ್ಕೊಳ್ಳಿ. ಎತ್ಕೊಂಡ ಮೇಲೆ ಎರಡೂ ಕೈ ಬೇಕಾಗ್ತದೆ, ಎಣಿಸೋಕೆ ಬೆರಳು ಉಳಿಯಲ್ಲ.